ತಾಯಿಯ ಮಾತು, ವೈದ್ಯನ ಹಸ್ತಪ್ರತಿ: ನೇತ್ರವೈದ್ಯಕೀಯ ಪ್ರಬಂಧವೊಂದರ ಮೌಖಿಕ ಮೂಲ

ಹಸ್ತಪ್ರತಿ ಎಂಬ ಮಾತು ಕಿವಿಗೆ ಬಿದ್ದೊಡನೆ ಕನ್ನಡ ಅಧ್ಯಯನಕಾರರ ಕಣ್ಣಮುಂದೆ ಓಲೆಗರಿಯ ಕಟ್ಟು, ಕಡತದ ಮಡಿಕೆ, ಹುಳು ತಿಂದ ಅಂಚು ಇವೇ ಸುಳಿಯುತ್ತವೆ. ವೈದ್ಯಕೀಯ ನಿಯತಕಾಲಿಕೆಗಳ ಜಗತ್ತಿನಲ್ಲಿಯೂ ಈ ಪದ ಇನ್ನೂ ಬಳಕೆಯಲ್ಲಿದೆ. ಕೈಬರಹ ಮಾಯವಾಗಿ ಎಷ್ಟೋ ದಶಕಗಳು ಸಂದಿದ್ದರೂ ಸಂಪಾದಕರಿಗೆ ಒಪ್ಪಿಸುವ ಪ್ರಬಂಧವನ್ನು ವೈದ್ಯರು ಹಸ್ತಪ್ರತಿಯೆಂದೇ ಕರೆಯುತ್ತಾರೆ. ಇಂಥದೊಂದು ಹಸ್ತಪ್ರತಿಯನ್ನು ಪರಿಚಿತ ನೇತ್ರವೈದ್ಯರೊಬ್ಬರು ಕೆಲವು ವರ್ಷಗಳ ಹಿಂದೆ ನನ್ನ ಬಳಿಗೆ ತಂದಿದ್ದರು. ಹುಟ್ಟಿನಿಂದಲೇ ಎರಡೂ ಕಣ್ಣಿಗೆ ಪೊರೆ ಬಂದಿದ್ದ ಶಿಶುವೊಂದರ ಪ್ರಕರಣ ಅದರ ವಸ್ತು. ಪ್ರಬಂಧದ ಜೊತೆಗೆ ಇರಿಸಬೇಕಾದ ಒಪ್ಪಿಗೆ ಪತ್ರದ ಕನ್ನಡವನ್ನು ತಿದ್ದಿಕೊಡುವುದಷ್ಟೇ ನನ್ನ ಪಾಲಿನ ಕೆಲಸವಾಗಿತ್ತು. ಆದರೆ ಕ್ಷೇತ್ರಕಾರ್ಯದ ಹಳೆಯ ಚಾಳಿ ಬಿಡಲಿಲ್ಲ. ತಾಯಿ ನಿಜವಾಗಿ ಏನು ಹೇಳಿದಳು ಎಂದು ಕೇಳಿದೆ. ವೈದ್ಯರು ನೆನಪಿನಿಂದ ಹೇಳಿದರು: “ಎರಡನೇ ತಿಂಗಳಲ್ಲಿ ಮೈಮೇಲೆಲ್ಲ ಸಣ್ಣ ಗಂದೆ ಎದ್ದಿತ್ತು ಸಾರ್, ಮೂರು ದಿನಕ್ಕೆ ತಾನಾಗೇ ಹೋಯ್ತು. ಅಮ್ಮ ಬಂದವ್ಳೆ ಅಂತ ನಮ್ಮತ್ತೆ ಬೇವಿನಸೊಪ್ಪು ಕಟ್ಟಿದ್ರು.” ಹಸ್ತಪ್ರತಿಯಲ್ಲಿ ಇದೆಲ್ಲವೂ ‘ಮೊದಲ ತ್ರೈಮಾಸಿಕದಲ್ಲಿ ತಾಯಿಗೆ ಗಂದೆಯ ಇತಿಹಾಸವಿದೆ’ ಎಂಬ ಒಂದೇ ವಾಕ್ಯವಾಗಿತ್ತು.

ಅತ್ತೆ ಹೋದಳು, ಬೇವು ಹೋಯಿತು, ಅದು ಸಹಜ. ಆದರೆ ಎರಡನೆಯ ತಿಂಗಳೂ ಹೋಗಿತ್ತು, ಮೂರು ದಿನವೂ ಹೋಗಿತ್ತು. ಈ ರೋಗದ ಚರಿತ್ರೆಯಲ್ಲಿ ಆ ಎರಡು ಅಂಕಿಗಳಿಗೆ ಇರುವ ಬೆಲೆ ಎಂಥದು ಎಂಬುದನ್ನು ತಿಳಿಯಲು 1941ರ ಆಸ್ಟ್ರೇಲಿಯಾಕ್ಕೆ ಹೋಗಬೇಕು. ಮೌಖಿಕ ಮಾಹಿತಿ ವೈದ್ಯಕೀಯ ಲಿಖಿತವಾಗುವ ಕ್ರಿಯೆಗೆ ಅದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಬೇರೆ ಕಂಡಿಲ್ಲ.

ನಾರ್ಮನ್ ಮ್ಯಾಕ್‌ಅಲಿಸ್ಟರ್ ಗ್ರೆಗ್ (1892–1966) ಸಿಡ್ನಿಯ ನೇತ್ರವೈದ್ಯ. ಮೊದಲ ಮಹಾಯುದ್ಧದಲ್ಲಿ ಸೇನಾ ವೈದ್ಯನಾಗಿ ದುಡಿದು ಶೌರ್ಯಪದಕ ಪಡೆದವನು. ಹಿಂತಿರುಗಿದ ಮೇಲೆ ಸಿಡ್ನಿಯ ರಾಯಲ್ ಅಲೆಕ್ಸಾಂಡ್ರಾ ಮಕ್ಕಳ ಆಸ್ಪತ್ರೆಯಲ್ಲಿ ಕಣ್ಣಿನ ಶಸ್ತ್ರವೈದ್ಯನಾಗಿದ್ದನು. 1941ರಲ್ಲಿ ಅವನ ಬಳಿಗೆ ಹುಟ್ಟುಪೊರೆಯ ಶಿಶುಗಳು ಒಂದರ ಹಿಂದೆ ಒಂದರಂತೆ ಬರತೊಡಗಿದವು. ಹುಟ್ಟುಪೊರೆ ಅಪರೂಪದ್ದೇನೂ ಅಲ್ಲ. ಆದರೆ ಈ ಶಿಶುಗಳ ಮಸೂರದ ನಡುವೆ ಒಂದೇ ಬಗೆಯ ದಟ್ಟ ಬಿಳುಪು ಕಾಣುತ್ತಿತ್ತು. ಬಹಳಷ್ಟು ಮಕ್ಕಳು ತೂಕದಲ್ಲಿ ಕಡಿಮೆ, ಹಾಲು ಕುಡಿಯಲು ತ್ರಾಣವಿಲ್ಲ, ಹೃದಯದಲ್ಲಿಯೂ ದೋಷ. ವಂಶಪಾರಂಪರ್ಯದಿಂದ ಬಂದದ್ದೆಂದು ಹೇಳಲು ಕುಟುಂಬಗಳ ನಡುವೆ ಸಂಬಂಧವೇ ಇರಲಿಲ್ಲ.

ಮುಂದಿನದನ್ನು ವೈದ್ಯಕೀಯ ಜಗತ್ತು ಒಂದು ಕಥೆಯಾಗಿ ಹೇಳಿಕೊಂಡು ಬಂದಿದೆ. ಗ್ರೆಗ್‌ನ ಚಿಕಿತ್ಸಾಲಯದಲ್ಲಿ ಸರದಿಗಾಗಿ ಕಾಯುತ್ತ ಕುಳಿತಿದ್ದ ತಾಯಂದಿರು ತಮ್ಮತಮ್ಮಲ್ಲಿ ಸುಖದುಃಖ ಹಂಚಿಕೊಳ್ಳುತ್ತಿದ್ದರಂತೆ; ಬಸುರಿಯಾಗಿದ್ದಾಗ ತನಗೆ ಜರ್ಮನ್ ದಡಾರ ಬಂದಿತ್ತೆಂದು ಒಬ್ಬಳು, ತನಗೂ ಎಂದು ಇನ್ನೊಬ್ಬಳು ಹೇಳಿದ್ದು ವೈದ್ಯನ ಕಿವಿಗೆ ಬಿತ್ತಂತೆ. ಹೇಳುವವರು ಬದಲಾದಂತೆ ವಿವರಗಳು ಬದಲಾಗುತ್ತವೆ: ಕೆಲವು ಪಾಠಗಳಲ್ಲಿ ತಾಯಂದಿರು ಇಬ್ಬರು, ಕೆಲವದರಲ್ಲಿ ಮೂವರು. ಜಾನಪದ ವಿದ್ಯಾರ್ಥಿಗೆ ಇದು ಐತಿಹ್ಯದ ಪರಿಚಿತ ಲಕ್ಷಣ. ಪಾಠಾಂತರವಿದೆ ಎಂದ ಮಾತ್ರಕ್ಕೆ ಘಟನೆ ನಡೆದಿಲ್ಲವೆಂದು ಅರ್ಥವಲ್ಲ. ಗಮನಿಸಬೇಕಾದದ್ದು ಬೇರೆ. ಗ್ರೆಗ್ ಸಿದ್ಧಪಡಿಸಿದ ಪ್ರಬಂಧದಲ್ಲಿ ಈ ಕೋಣೆಯೂ ಇಲ್ಲ, ಹರಟೆಯೂ ಇಲ್ಲ. ಅಲ್ಲಿನ ತರ್ಕ ಹೊರಡುವುದು ಶಿಶುಗಳ ಜನ್ಮದಿನಾಂಕದಿಂದ. ಹುಟ್ಟಿದ ದಿನದಿಂದ ಹಿಂದಕ್ಕೆ ಎಣಿಸಿದರೆ ಬಸಿರಿನ ಮೊದಲ ತಿಂಗಳುಗಳು 1940ರ ಜರ್ಮನ್ ದಡಾರದ ಭಾರೀ ಹಾವಳಿಯ ಕಾಲಕ್ಕೆ ಸರಿಯಾಗಿ ಹೊಂದಿಕೊಳ್ಳುತ್ತವೆ ಎಂಬುದು ಅವನ ಮೊದಲ ಹೆಜ್ಜೆ. ಕೇಳಿ ತಿಳಿದದ್ದನ್ನು ಎಣಿಸಿ ತಿಳಿದದ್ದಾಗಿ ಮಂಡಿಸುವುದು ಪತ್ರಿಕೆಯ ಪ್ರಬಂಧದ ಧರ್ಮ. ಗ್ರೆಗ್ ಅದನ್ನು ಪಾಲಿಸಿದ್ದಾನೆ. ಇದರಲ್ಲಿ ವಂಚನೆಯೇನೂ ಇಲ್ಲ.

ಹಸ್ತಪ್ರತಿಯ ಸಿದ್ಧತೆ ನಡೆದ ರೀತಿ ನಮ್ಮ ಸಂಗ್ರಹಕಾರ್ಯವನ್ನು ನೆನಪಿಸುವಂತಿದೆ. ತನ್ನ ಕೈಗೆ ಬಂದ ಪ್ರಕರಣಗಳು 13 ಮಾತ್ರ. ಅಷ್ಟರಿಂದ ಮಾತಾಡಲಾಗದೆಂದು ಅವನು ಬೇರೆ ಊರುಗಳ ನೇತ್ರವೈದ್ಯರಿಂದ ಮಾಹಿತಿ ತರಿಸಿಕೊಂಡನು. ಒಟ್ಟು 78 ಪ್ರಕರಣಗಳಾದವು. ಅವುಗಳಲ್ಲಿ 68ರಲ್ಲಿ ತಾಯಿಗೆ ಗರ್ಭಾವಸ್ಥೆಯಲ್ಲಿ ರೋಗ ತಗುಲಿದ್ದ ಇತಿಹಾಸ ದೊರೆಯಿತು, ಅದೂ ಹೆಚ್ಚಿನಂಶ ಮೊದಲೆರಡು ತಿಂಗಳಲ್ಲಿ. ಆ ಕಾಲಕ್ಕೆ ಈ ರೋಗವನ್ನು ಖಚಿತಪಡಿಸುವ ಯಾವ ರಕ್ತಪರೀಕ್ಷೆಯೂ ಇರಲಿಲ್ಲ. ವೈರಾಣುವನ್ನು ಪ್ರತ್ಯೇಕಿಸಿದ್ದೇ 1962ರಲ್ಲಿ. ಆದ್ದರಿಂದ ಗ್ರೆಗ್‌ನ ಕೋಷ್ಟಕದಲ್ಲಿನ ಆ 68 ಎಂಬ ಅಂಕಿ ಬಹುಮಟ್ಟಿಗೆ ಹೆಂಗಸರ ನೆನಪು. ಇಂಗ್ಲಿಷ್ ಆಡುಮಾತಿನಲ್ಲಿ ಈ ರೋಗಕ್ಕೆ ‘ಮೂರು ದಿನದ ದಡಾರ’ ಎಂಬ ಹೆಸರೂ ಉಂಟು. ನಮ್ಮ ತಾಯಿ ಹೇಳಿದ ಮೂರು ದಿನ ಅಲ್ಲಿಯೂ ಲಕ್ಷಣವೇ ಆಗಿತ್ತು.

1941ರ ಅಕ್ಟೋಬರ್ 15ರಂದು ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾದ ನೇತ್ರವೈದ್ಯ ಸಂಘದ ಸಭೆಯಲ್ಲಿ ಗ್ರೆಗ್ ಈ ಪ್ರಬಂಧವನ್ನು ಓದಿದನು. ಸಂಘದ ವಾರ್ಷಿಕ ನಡವಳಿಗಳ ಮೂರನೆಯ ಸಂಪುಟದಲ್ಲಿ 35ರಿಂದ 46ನೆಯ ಪುಟಗಳವರೆಗೆ ಅದು ಅಚ್ಚಾಗಿದೆ. ಶೀರ್ಷಿಕೆ ತೀರ ಸರಳ: ತಾಯಿಯ ಜರ್ಮನ್ ದಡಾರದ ತರುವಾಯ ಶಿಶುವಿನ ಹುಟ್ಟುಪೊರೆ. ‘ತರುವಾಯ’ ಎಂದಿದ್ದಾನೆ, ‘ಕಾರಣದಿಂದ’ ಎಂದಿಲ್ಲ. ಪತ್ರಿಕೆಗೆ ಬರೆಯುವವರು ಈ ಒಂದು ಪದದ ಆಯ್ಕೆಯನ್ನು ಗಮನಿಸಬೇಕು.

ಹನ್ನೆರಡು ಪುಟಗಳ ಈ ಬರಹವನ್ನು ದೂರದ ವಿದ್ವಾಂಸರು ಒಡನೆಯೇ ಒಪ್ಪಲಿಲ್ಲ. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಚಾರ್ಲ್ಸ್ ಸ್ವಾನ್ ಮತ್ತು ಸಂಗಡಿಗರು 1943ರಲ್ಲಿ ಇದನ್ನು ಬೆಂಬಲಿಸುವ ಪ್ರಕರಣಗಳನ್ನು ಪ್ರಕಟಿಸಿದರೂ ಲಂಡನ್ನಿನ ‘ಲ್ಯಾನ್ಸೆಟ್’ 1944ರಲ್ಲಿ ಗ್ರೆಗ್‌ನ ವಾದ ಸಿದ್ಧವಾದಂತಾಗಿಲ್ಲವೆಂಬ ಅಭಿಪ್ರಾಯ ತಾಳಿತು. ವಸಾಹತಿನ ವೈದ್ಯನೆಂಬ ತಾತ್ಸಾರವೇ ಇದಕ್ಕೆ ಕಾರಣವೆಂದು ಹೇಳಿಬಿಡುವುದು ಸುಲಭ. ನನಗೆ ಹಾಗೆ ತೋರುವುದಿಲ್ಲ. ಬಸುರಿಯ ಅನುಭವವೇ ಶಿಶುವಿನ ಅಂಗದೋಷಕ್ಕೆ ಮೂಲವೆಂಬ ನಂಬಿಕೆ ಲೋಕದಲ್ಲೆಲ್ಲ ಉಂಟು. ಬಸುರಿ ಗ್ರಹಣ ನೋಡಿದರೆ ಮಗುವಿನ ತುಟಿ ಸೀಳುತ್ತದೆಂದು ನಮ್ಮವರು ಹೇಳುವಂತೆ ಯುರೋಪಿನವರೂ ಬೆದರಿಕೆ, ಬಯಕೆಗಳ ಕಥೆಗಳನ್ನು ಹೇಳುತ್ತಿದ್ದರು. ಅಂಥ ಕಥೆಗಳನ್ನು ಹೊರಗಟ್ಟಿಯೇ ವೈದ್ಯಶಾಸ್ತ್ರ ತನ್ನ ಮಡಿಯನ್ನು ಕಾಪಾಡಿಕೊಂಡಿತ್ತು. ತಾಯಂದಿರ ನೆನಪು ಮತ್ತೊಂದು ವೇಷದಲ್ಲಿ ಒಳಬಂದಾಗ ಬಾಗಿಲು ಕಾಯುವವರು ತಡೆದು ವಿಚಾರಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ವಿಚಾರಿಸಲು ನ್ಯಾಯವಾದ ಕಾರಣವೂ ಇತ್ತು. ಗ್ರೆಗ್ ಹೊರಟದ್ದು ಕುರುಡು ಶಿಶುವಿನಿಂದ. ಅಲ್ಲಿಂದ ಹಿಂದಕ್ಕೆ ತಾಯಿಯ ಗಂದೆಗೆ. ಗಂದೆ ಎದ್ದರೂ ಆರೋಗ್ಯವಂತ ಮಗುವನ್ನು ಹೆತ್ತವಳು ನೇತ್ರವೈದ್ಯನ ಬಾಗಿಲಿಗೆ ಬರುವುದೇ ಇಲ್ಲ, ಆದ್ದರಿಂದ ಲೆಕ್ಕಕ್ಕೂ ಸಿಗುವುದಿಲ್ಲ. ಅಪಾಯದ ಪ್ರಮಾಣ ಆರಂಭದ ವರ್ಷಗಳಲ್ಲಿ ನಿಜಕ್ಕಿಂತ ದೊಡ್ಡದಾಗಿ ಕಂಡದ್ದು ಇದರಿಂದ. ಜಾನಪದ ಸಂಗ್ರಾಹಕರಾದ ನಾವು ಇದನ್ನು ನಕ್ಕು ಬಿಡುವಂತಿಲ್ಲ. ದೇವಸ್ಥಾನದ ಜಗಲಿಯಲ್ಲಿ ಕುಳಿತು ಹರಕೆಯ ಕಥೆಗಳನ್ನು ಬರೆದುಕೊಳ್ಳುವವನಿಗೆ ಫಲಿಸಿದ ಹರಕೆಗಳೇ ದೊರೆಯುತ್ತವೆ. ಫಲಿಸದವನು ಆ ಜಾತ್ರೆಗೆ ಬಂದಿರುವುದಿಲ್ಲ.

ಆದರೆ ಮಾತು ನಿಲ್ಲಲಿಲ್ಲ. ಗ್ರೆಗ್‌ನ ಪ್ರಬಂಧದಲ್ಲಿ ಕಣ್ಣು ಮತ್ತು ಹೃದಯದ ದೋಷಗಳಿವೆ, ಕಿವುಡಿನ ಪ್ರಸ್ತಾಪ ಇನ್ನೂ ಇರಲಿಲ್ಲ. ಪ್ರಬಂಧದ ಸಂಗತಿ ದಿನಪತ್ರಿಕೆಗಳಲ್ಲಿ ಬಂದಾಗ ಅದನ್ನು ಓದಿದ ತಾಯಂದಿರು ತಾವಾಗಿಯೇ ಅವನನ್ನು ಸಂಪರ್ಕಿಸಿ, ತಮಗೂ ಹಾಗೆಯೇ ಆಗಿತ್ತು, ಆದರೆ ತಮ್ಮ ಮಕ್ಕಳಿಗೆ ಕಣ್ಣಲ್ಲ ಕಿವಿ ಹೋಗಿದೆ ಎಂದು ತಿಳಿಸಿದರು. ರೋಗದ ಮೂರನೆಯ ಮುಖ್ಯ ಲಕ್ಷಣ ಹೀಗೆ ವೈದ್ಯರ ಗಮನಕ್ಕೆ ಬಂತು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಮುದ್ರಿತ ಪಾಠವನ್ನು ವಕ್ತೃಗಳೇ ತಿದ್ದಿದರು. 1951ರಲ್ಲಿ ಲ್ಯಾಂಕಾಸ್ಟರ್ ಎಂಬ ಸಂಖ್ಯಾಶಾಸ್ತ್ರಜ್ಞ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಲೇಖನ ಈ ಕಿವುಡಿನ ಜಾಡು ಹಿಡಿಯಿತು. ಆಸ್ಟ್ರೇಲಿಯಾದ ಹಳೆಯ ಜನಗಣತಿಗಳಲ್ಲಿ ಕಿವುಡರ ಸಂಖ್ಯೆ 1899ರ ಆಸುಪಾಸಿನಲ್ಲಿ ಹುಟ್ಟಿದವರಲ್ಲಿ ಎದ್ದು ಕಾಣುವಷ್ಟು ಹೆಚ್ಚಿತ್ತು. ಸಾಂಕ್ರಾಮಿಕದ ಅಲೆಗಳಿಗೂ ಕಿವುಡಿನ ಅಲೆಗಳಿಗೂ ಹೊಂದಿಕೆಯಿತ್ತು. ಯಾವ ತಾಯಿಯನ್ನೂ ಕೇಳದೆ ಸರ್ಕಾರದ ಲೆಕ್ಕಪತ್ರ ತಾಯಂದಿರ ಮಾತನ್ನು ಎತ್ತಿಹಿಡಿಯಿತು. ಆಮೇಲಿನದು ಎಲ್ಲರಿಗೂ ತಿಳಿದದ್ದೇ: 1964–65ರಲ್ಲಿ ಅಮೆರಿಕದ ಹಾವಳಿಯಲ್ಲಿ ಸುಮಾರು 20,000 ಶಿಶುಗಳು ದೋಷಪೀಡಿತವಾಗಿ ಹುಟ್ಟಿದವು, 1969ರಲ್ಲಿ ಅಲ್ಲಿ ಲಸಿಕೆಗೆ ಅನುಮತಿ ದೊರೆಯಿತು. ನಮ್ಮ ದೇಶದಲ್ಲಿ ದಡಾರ–ರುಬೆಲ್ಲಾ ಲಸಿಕಾ ಅಭಿಯಾನ 2017ರ ಫೆಬ್ರವರಿಯಲ್ಲಿ ಬೆಂಗಳೂರಿನಿಂದಲೇ ಆರಂಭವಾಯಿತು. ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪಗಳಲ್ಲಿ ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಮೊದಲು ಚುಚ್ಚಿದರು. ಗ್ರೆಗ್ ಪ್ರಬಂಧ ಓದಿ ಅಷ್ಟರಲ್ಲಿ ಎಪ್ಪತ್ತೈದು ವರ್ಷ ಕಳೆದಿತ್ತು.

ಇಂದು ಗ್ರೆಗ್ ತನ್ನ ಹಸ್ತಪ್ರತಿಯನ್ನು ನೇತ್ರವೈದ್ಯಕೀಯ ಪತ್ರಿಕೆಯೊಂದಕ್ಕೆ ಕಳಿಸುವುದಾಗಿದ್ದರೆ ಅವನ ಪಾಡು ಬೇರೆಯಾಗಿರುತ್ತಿತ್ತು. 1978ರಲ್ಲಿ ವ್ಯಾಂಕೂವರ್ ನಗರದಲ್ಲಿ ಕೆಲವು ವೈದ್ಯಕೀಯ ಸಂಪಾದಕರು ಸೇರಿ ಹಸ್ತಪ್ರತಿಗಳಿಗೆ ಸಮಾನ ನಿಯಮಗಳನ್ನು ರೂಪಿಸಿದರು. ಅಲ್ಲಿಂದೀಚೆಗೆ ಸಾರಾಂಶ, ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಎಂಬ ಚೌಕಟ್ಟು, ಯಾರನ್ನು ಲೇಖಕನೆಂದು ಕರೆಯಬಹುದೆಂಬ ಷರತ್ತು, ನೈತಿಕ ಸಮಿತಿಯ ಅನುಮೋದನೆ, ರೋಗಿಯ ಲಿಖಿತ ಒಪ್ಪಿಗೆ ಎಲ್ಲವೂ ಗಟ್ಟಿಯಾಗಿವೆ. 1953ರಲ್ಲಿ ಅಖಿಲ ಭಾರತ ನೇತ್ರವೈದ್ಯ ಸಂಘದ ಪತ್ರಿಕೆಯಾಗಿ ಹುಟ್ಟಿ ಮುಂದೆ ‘ಇಂಡಿಯನ್ ಜರ್ನಲ್ ಆಫ್ ಆಪ್ತಾಲ್ಮಾಲಜಿ’ ಎಂದು ಹೆಸರಾದ ನಮ್ಮ ಪತ್ರಿಕೆಗೆ ಬರೆಯುವವರೂ ಲೇಖಕರ ಹೆಸರಿರುವ ಮೊದಲ ಪುಟವನ್ನು ಬೇರೆ ಕಡತವಾಗಿ, ಹೆಸರಿಲ್ಲದ ಪ್ರಬಂಧವನ್ನು ಬೇರೆ ಕಡತವಾಗಿ ಒಪ್ಪಿಸುವ ಪದ್ಧತಿ ಇದೆ. ಪರಿಶೀಲಿಸುವ ತಜ್ಞನಿಗೆ ಬರೆದವನು ಯಾರೆಂದು ತಿಳಿಯಬಾರದು. ಓದುಗನಿಗೆ ರೋಗಿ ಯಾರೆಂದು ತಿಳಿಯಬಾರದು. ಹಿಂದೆ ಮುಖದ ಚಿತ್ರದಲ್ಲಿ ಕಣ್ಣಿನ ಮೇಲೆ ಕಪ್ಪುಪಟ್ಟಿ ಬಳಿದರೆ ಸಾಕೆಂದಿದ್ದರು, ಈಗ ಅದು ಸಾಲದು. ಕಣ್ಣಿನ ಪತ್ರಿಕೆಯಲ್ಲಿ ಕಣ್ಣನ್ನೇ ಮುಚ್ಚುವುದು ಹೇಗೆ ಎಂಬುದು ಬೇರೆ ಮಾತು.

ನಮ್ಮ ಶಿಸ್ತು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದು ಬಂದಿದೆ. ಹಾಡಿದವರ ಹೆಸರು, ವಯಸ್ಸು, ಊರು, ಹಾಡಿಸಿದ ದಿನ ಇವಿಲ್ಲದ ಸಂಗ್ರಹವನ್ನು ನಾವು ಇಂದು ಶಾಸ್ತ್ರೀಯವೆಂದು ಒಪ್ಪುವುದಿಲ್ಲ. ಮೊದಮೊದಲ ಸಂಕಲನಗಳಲ್ಲಿ ಎಷ್ಟೋ ಗರತಿಯರ ಹೆಸರು ಬಿಟ್ಟುಹೋದದ್ದನ್ನು ಕುರಿತು ನಮಗೆ ಪಶ್ಚಾತ್ತಾಪವಿದೆ. ವೈದ್ಯನು ಹೆಸರನ್ನು ಮರೆಮಾಡುವುದು ರೋಗಿಯ ಮಾನ ಕಾಯಲು. ಅದನ್ನು ನಾನು ಪ್ರಶ್ನಿಸಲಾರೆ. ಆದರೆ ಹೆಸರಿನ ಜೊತೆಗೆ ಮಾತನ್ನೂ ಅಳಿಸಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಗ್ರೆಗ್‌ನ ಪ್ರಬಂಧದಲ್ಲಿ ತಾಯಂದಿರಿಗೆ ಹೆಸರಿಲ್ಲ, ತಿಂಗಳ ಲೆಕ್ಕವಿದೆ. ಆ ಲೆಕ್ಕವೇ ಪ್ರಬಂಧವನ್ನು ಉಳಿಸಿತು. 2013ರಲ್ಲಿ ಪ್ರಕರಣ ವರದಿಗಳಿಗಾಗಿ ಹೊರಬಂದ ‘ಕೇರ್’ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ರೋಗಿಯ ಸ್ವಂತ ದೃಷ್ಟಿಗೆ ಪ್ರತ್ಯೇಕ ಸ್ಥಾನ ಕೊಟ್ಟಿದ್ದಾರೆ. ಬಹಳ ಮಂದಿ ಲೇಖಕರು ಅದನ್ನು ಖಾಲಿ ಬಿಡುತ್ತಾರೆಂದು ವೈದ್ಯಮಿತ್ರರು ಹೇಳುತ್ತಾರೆ.

ಮೊದಲು ಹೇಳಿದ ಹಸ್ತಪ್ರತಿಗೆ ಮರಳುತ್ತೇನೆ. ಒಪ್ಪಿಗೆ ಪತ್ರವನ್ನು ತಿದ್ದಿಕೊಟ್ಟೆ. ಎರಡನೆಯ ತಿಂಗಳಿನ ವಿಷಯವನ್ನು ಸೇರಿಸಿರೆಂದೂ ಸೂಚಿಸಿದೆ. ಸ್ಥಳದ ಮಿತಿಯಿದೆಯೆಂದು ವೈದ್ಯರು ಹಾಗೆಯೇ ಕಳುಹಿಸಿದರು. ಕೆಲವು ತಿಂಗಳ ಮೇಲೆ ಪರಿಶೀಲಕರ ಟಿಪ್ಪಣಿ ಬಂತು. ತಾಯಿಗೆ ಗಂದೆ ಎದ್ದದ್ದು ಗರ್ಭದ ಯಾವ ವಾರದಲ್ಲಿ, ಎಷ್ಟು ದಿನ ಇತ್ತು ಎಂಬುದು ಅವರ ಮೊದಲ ಪ್ರಶ್ನೆ. ಮಗುವಿನ ತಪಾಸಣೆಗೆ ಬಂದಾಗ ಆಕೆಯನ್ನು ಮತ್ತೆ ಕೇಳಿದರಂತೆ. ವಾರದ ಲೆಕ್ಕ ಆಕೆಗೆ ಗೊತ್ತಿರಲಿಲ್ಲ. “ಗೌರಿಹಬ್ಬದ ಮಾರನೇ ದಿನ ಎದ್ದಿದ್ದು, ತವರಿಂದ ಬಾಗಿನ ತಂದಿದ್ದಾಗ” ಎಂದಳು. ವೈದ್ಯರು ನನಗೆ ದೂರವಾಣಿ ಮಾಡಿ ಆ ವರ್ಷದ ಗೌರಿಹಬ್ಬ ಯಾವ ದಿನ ಬಿದ್ದಿತ್ತೆಂದು ಕೇಳಿದರು. ಪಂಚಾಂಗ ತೆಗೆದು ದಿನಾಂಕ ಹೇಳಿದೆ. ಅವರು ಅತ್ತ ಕಡೆಯಿಂದ ಎಣಿಸಿ ಎಂಟನೆಯ ವಾರ ಎಂದರು.