ಹೊಗೆಗೆ ಸಾಯದ ಹದ್ದು

1833ರಲ್ಲಿ ಬೋಸ್ಟನ್ ನಗರದಲ್ಲಿ ಜಾನ್ ಜೇಮ್ಸ್ ಆಡುಬನ್ ಒಂದು ಜೀವಂತ ಹದ್ದನ್ನು ಕೊಂಡ. ಬೋನಿಗೆ ಕಾಲು ಸಿಕ್ಕಿ ಸೆರೆಯಾದ ಗೋಲ್ಡನ್ ಈಗಲ್ ಅದು. ಹಾರಲು ಬಿಡಬೇಕೋ ಕೊಲ್ಲಬೇಕೋ ಎಂದು ಯೋಚಿಸಿದ. ಕೊನೆಗೆ ಚಿತ್ರವೇ ಗೆದ್ದಿತು. ಗರಿ ಕೆಡಬಾರದಲ್ಲ, ಅದಕ್ಕೆ ಚಿಕ್ಕ ಕೋಣೆಯಲ್ಲಿ ಇದ್ದಿಲು ಹೊತ್ತಿಸಿ ಹೊಗೆ ಹಾಕಿದ. ಗಂಟೆಗಟ್ಟಲೆ ಕಾದು ಇಣುಕಿದರೆ ಹದ್ದು ನಿಂತೇ ಇತ್ತು, ಅವನನ್ನೇ ನೋಡುತ್ತಿತ್ತು. ಮರುದಿನ ಗಂಧಕವನ್ನೂ ಸೇರಿಸಿದ. ಮನೆಯಲ್ಲಿದ್ದವರು ಕೂರಲಾಗದಷ್ಟು ಹೊಗೆ. ಹದ್ದು ಆಗಲೂ ಸಾಯಲಿಲ್ಲ. ಕೊನೆಗೆ ಎದೆಗೆ ಉಕ್ಕಿನ ಸರಳು ಚುಚ್ಚಿ ಕೊಂದ. ಚಿತ್ರದ ಕೆಲಸದಲ್ಲಿ ಮುಳುಗಿ ತಾನೇ ಕಾಯಿಲೆ ಬಿದ್ದ. ಇದನ್ನೆಲ್ಲ ಬರೆದಿಟ್ಟವನೂ ಅವನೇ.

ಆಡುಬನ್ ಎಂದರೆ 'ಬರ್ಡ್ಸ್ ಆಫ್ ಅಮೆರಿಕಾ'. 1827ರಿಂದ 1838ರವರೆಗೆ ಅಚ್ಚಾದ 435 ಚಿತ್ರಗಳು, ಹಕ್ಕಿಗಳೆಲ್ಲ ನಿಜ ಗಾತ್ರದವು. ಅವನು ಹಕ್ಕಿ ಹೊಡೆದು, ತಂತಿ ಕಟ್ಟಿ, ಬದುಕಿದ್ದಂತೆ ನಿಲ್ಲಿಸಿ ಬರೆಯುತ್ತಿದ್ದ.

ನಾವು ಹೇಳಹೊರಟಿದ್ದು ವಾಲ್ಟನ್ ಫೋರ್ಡ್ ಅವರ ಬಗ್ಗೆ. 1960ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದವರು. ಆಡುಬನ್‌ನ ಶೈಲಿಯನ್ನೇ ಹಿಡಿದರು: ಅದೇ ಜಲವರ್ಣ, ಅಂಚಿನಲ್ಲಿ ಅದೇ ಹಳೇ ಕಾಲದ ಕೈಬರಹದ ಟಿಪ್ಪಣಿ. ಆದರೆ ಆ ಚಿತ್ರಗಳು ಬಿಟ್ಟದ್ದನ್ನು ಇವರು ಬರೆದರು. 2002ರ 'ಫಾಲಿಂಗ್ ಬೋ' ಚಿತ್ರದಲ್ಲಿ ಪ್ಯಾಸೆಂಜರ್ ಪಾರಿವಾಳಗಳು ಮುತ್ತಿದ ಕೊಂಬೆಯೊಂದು ಮುರಿದು ಬೀಳುತ್ತಿದೆ. ಕೋಟಿಗಟ್ಟಲೆ ಇದ್ದ ಈ ಜಾತಿಯ ಕೊನೆಯ ಹಕ್ಕಿ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು.

90ರ ದಶಕದಲ್ಲಿ ಫೋರ್ಡ್ ಕೆಲವು ತಿಂಗಳು ಭಾರತದಲ್ಲಿದ್ದರು. ಅದರ ಫಲ 'ನೀಲಾ', 22 ಹಾಳೆ ಜೋಡಿಸಿ ಬರೆದ ಆಳೆತ್ತರಕ್ಕೂ ಮೀರಿದ ಆನೆ. ತಮ್ಮ ಚಿತ್ರಸಂಪುಟಕ್ಕೆ ಅವರಿಟ್ಟ ಹೆಸರು 'ಪಂಚತಂತ್ರ'. 11ನೇ ಶತಮಾನದಲ್ಲೇ ದುರ್ಗಸಿಂಹನಿಂದ ಅದನ್ನು ಕನ್ನಡದಲ್ಲಿ ಪಡೆದ ನಮಗೆ ಪ್ರಾಣಿಯ ವೇಷದಲ್ಲಿ ಮನುಷ್ಯನನ್ನು ಗುರುತಿಸುವುದು ಹೊಸದೇನಲ್ಲ. (2012ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಆಲ್ಬಮ್ಮಿಗೆ ಗೊರಿಲ್ಲಾ ಬರೆದವರೂ ಇವರೇ. ಅದನ್ನು ನೋಡದವರು ಕಡಿಮೆ, ಬರೆದವರ ಹೆಸರು ಗೊತ್ತಿದ್ದವರೂ ಕಡಿಮೆ.)

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಮಾತ್ರ 2004ರ 'ಡೆಲಿರಿಯಂ'. ಬೋಸ್ಟನ್ನಿನ ಅದೇ ಹದ್ದು ಹಾರುತ್ತಿದೆ. ಕೊಕ್ಕಿನಿಂದ ಹೊಗೆ, ಕಾಲಲ್ಲಿ ಇನ್ನೂ ಬೋನು.

ತಾಲ್ಲೂಕಿನಲ್ಲಿ ಚಿರತೆ ಬೋನಿಗೆ ಬಿದ್ದರೆ ಓಡಿಹೋಗಿ ಫೋಟೊ ಕಳಿಸುವ ಕೆಲಸ ನಮ್ಮದು. ಚಿರತೆ ಈ ಕಡೆ ತಿರುಗಲಿ ಎಂದು ಕೋಲಿನಿಂದ ಬೋನು ತಟ್ಟುವವರನ್ನು ಕಂಡಿದ್ದೇವೆ. ಬೇಡ ಎನ್ನದೆ, ಅದು ಹಲ್ಲು ಕಿರಿದಾಗ ಕ್ಲಿಕ್ಕಿಸಿದ್ದೇವೆ. ಪುಟದಲ್ಲಿ ಬಂದದ್ದು ಚಿರತೆ, ಕೋಲಲ್ಲ.

ಆಡುಬನ್‌ನ ಮೂಲಚಿತ್ರದಲ್ಲಿ, ಹದ್ದಿನ ಕೆಳಗಿನ ಮೂಲೆಯಲ್ಲಿ, ಕಂದರಕ್ಕೆ ಅಡ್ಡ ಬಿದ್ದ ಮರದ ಮೇಲೆ ಬೆನ್ನಿಗೆ ಬೇಟೆ ಕಟ್ಟಿಕೊಂಡು ತೆವಳುವ ಪುಟ್ಟ ಮನುಷ್ಯನಿದ್ದಾನೆ. ಅದು ಚಿತ್ರಕಾರನೇ ಎನ್ನುತ್ತಾರೆ. ಪುಸ್ತಕಕ್ಕೆ ಅಚ್ಚು ಮಾಡುವಾಗ ಅವನನ್ನು ತೆಗೆದುಹಾಕಲಾಯಿತು. ಫೋರ್ಡ್ ಅವನನ್ನು ಮತ್ತೆ ತಂದಿದ್ದಾರೆ, ದೂರದಲ್ಲಿ, ಹಿಮದ ಮೇಲೆ ಕುಸಿದು ಬಿದ್ದವನಾಗಿ.