ಕಾಳಿಯ ಕಲ್ಲು

ನಮ್ಮ ತಲ್ಲೂರಿನ ಮನೆಯಲ್ಲಿ ಕರಿಯ ಎಂಬ ನಾಯಿ ಇತ್ತು. ಹಂದಿ ಬರುವ ಕಾಲದಲ್ಲಿ ರಾತ್ರಿಯಿಡೀ ಗದ್ದೆಯಂಚಿನಲ್ಲಿ ಬೊಗಳುತ್ತಿತ್ತು. ಅದು ಸತ್ತಾಗ ತೆಂಗಿನ ಮರದ ಬುಡದಲ್ಲಿ ಹೂತೆವು. ಕಲ್ಲು ನೆಡಲಿಲ್ಲ, ನೆಡುವ ರೂಢಿಯೂ ಇಲ್ಲ. ಮಣ್ಣು ಮುಚ್ಚಿದ ಮೇಲೆ ಅಮ್ಮಮ್ಮ ಒಂದೇ ಮಾತು ಹೇಳಿದ್ದರು: ‘ಉಂಡ್ ಅನ್ನದ್ ಋಣ ತೀರ್ಸಿ ಹೋಯ್ತ್ ಕಾಣ್ ಮಗಾ.’

ಆ ಮಾತು ನನಗೆ ಮತ್ತೆ ನೆನಪಾದದ್ದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ, ಆತಕೂರಿನ ಕಲ್ಲಿನ ಮುಂದೆ ನಿಂತಾಗ. ಸಾವಿರ ವರ್ಷಕ್ಕೂ ಹಿಂದೆ ಕನ್ನಡ ನಾಡಿನಲ್ಲಿ ಒಂದು ನಾಯಿಗಾಗಿ ನೆಟ್ಟ ಕಲ್ಲು ಅದು. ನಾಯಿಯ ಹೆಸರು ಕಾಳಿ.

ಇತಿಹಾಸದ ವಿದ್ಯಾರ್ಥಿಗಳಿಗೆ ಆತಕೂರು ಶಾಸನ ಹೊಸದಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಈ ಕಲ್ಲಿನಲ್ಲಿ ಶಕ ವರ್ಷ 872, ಸೌಮ್ಯ ಸಂವತ್ಸರ ಎಂದಿದೆ. ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣ, ಶಾಸನಗಳ ಕನ್ನರದೇವ, ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ್ದಕ್ಕೆ ಇದು ಮುಖ್ಯ ಆಧಾರ. ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದವನು ಕೃಷ್ಣನ ಭಾವ, ಗಂಗರ ಇಮ್ಮಡಿ ಬೂತುಗ ಎಂದು ತಿಳಿಯುವುದೂ ಇಲ್ಲಿಂದಲೇ. ಮೆಚ್ಚಿದ ಕೃಷ್ಣ ಬೂತುಗನಿಗೆ ಬನವಾಸಿ 12,000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಕೊಟ್ಟ. ನನ್ನ ಸಂಶೋಧನೆಯ ಟಿಪ್ಪಣಿಯಲ್ಲಿ ಇವೆಲ್ಲವೂ ಅಚ್ಚುಕಟ್ಟಾಗಿ ಇದ್ದವು. ಕಾಳಿಯ ಹೆಸರು ಮಾತ್ರ ಇರಲಿಲ್ಲ. ಶಾಸನವನ್ನು ಎಷ್ಟೋ ಸಲ ಓದಿದ್ದೆ, ಯುದ್ಧಕ್ಕಾಗಿ ಓದಿದ್ದೆ, ನಾಯಿಯನ್ನು ದಾಟಿಕೊಂಡು ಹೋಗಿದ್ದೆ.

ಕಲ್ಲಿನ ಎದುರು ನಿಂತರೆ ಹಾಗೆ ದಾಟಿ ಹೋಗಲಾಗುವುದಿಲ್ಲ. ಅಚ್ಚಿನ ಪುಸ್ತಕದಲ್ಲಿ ಶಾಸನ ಬರಿಯ ಸಾಲುಗಳು. ಇಲ್ಲಿ ಮೊದಲು ಕಣ್ಣಿಗೆ ಬೀಳುವುದು ಒಂದರ ಮೇಲೊಂದು ಬಿದ್ದು ಹೋರಾಡುತ್ತಿರುವ ನಾಯಿ ಮತ್ತು ಹಂದಿ. ಅಕ್ಷರಗಳು ಆಮೇಲೆ. ತಕ್ಕೋಲದ ಆನೆಯಾಗಲಿ ಕನ್ನರದೇವನ ಸಿಂಹಾಸನವಾಗಲಿ ಚಿತ್ರದಲ್ಲಿಲ್ಲ. ಈ ಕಲ್ಲು ಯಾರದ್ದು ಎಂಬ ವಿಷಯದಲ್ಲಿ ಅದನ್ನು ಕಡೆಸಿದವರಿಗೆ ಅನುಮಾನವಿರಲಿಲ್ಲ.

ಶಾಸನ ಹೇಳುವ ಕತೆ ಚಿಕ್ಕದು. ಬೂತುಗನ ಸೇವಕರಲ್ಲಿ ಸಗರ ವಂಶದ ಮಣಲೆರ ಎಂಬ ವೀರನಿದ್ದ. ಚೋಳರ ಎದುರು ಅವನು ಕಾದಿದ ಬಗೆಗೆ ಬೂತುಗ ಮೆಚ್ಚಿ, ಬೇಕಾದ್ದನ್ನು ಬೇಡಿಕೋ ಎಂದ. ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ದೊರೆ ಕೊಟ್ಟ. ಮುಂದೆ ಕೆಳಲೆನಾಡಿನ ಬೆಳತೂರಿನ ಪಡುವಣ ದಿಣ್ಣೆಯಲ್ಲಿ ದೊಡ್ಡದೊಂದು ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ನಾಯಿಯೂ ಒಂದನ್ನೊಂದು ಕೊಂದು ಒಟ್ಟಿಗೆ ಸತ್ತವು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರದ ಮುಂದೆ ಕಲ್ಲು ನಡೆಸಿ, ಹಿರಿಯ ಕೆರೆಯ ಕೆಳಗೆ ಎರಡು ಕಂಡುಗ ಮಣ್ಣನ್ನು ಬಿಟ್ಟರು.

ನಾಯಿಯ ನಿಯತ್ತು ಎಂದು ನಾವು ಸಲೀಸಾಗಿ ಹೇಳುತ್ತೇವೆ. ನಿಯತ್ತು ಎಂಬ ಪದವೇ ಅರಬ್ಬೀ ಮೂಲದ್ದು, ಕಾಳಿಯ ಕಾಲದ ಕನ್ನಡಕ್ಕೆ ಇನ್ನೂ ಬಂದಿರಲಿಲ್ಲ. ಆಗಿನವರ ಬಳಿ ಬೇರೆ ಮಾತಿತ್ತು: ಜೋಳವಾಳಿ. ಒಡೆಯನ ಜೋಳ ಉಂಡವನು ಹೊತ್ತು ಬಂದಾಗ ಪ್ರಾಣ ಕೊಟ್ಟು ಆ ಋಣ ತೀರಿಸುವುದು. ಪಂಪ ವಿಕ್ರಮಾರ್ಜುನ ವಿಜಯವನ್ನು ಮುಗಿಸಿದ್ದು 941ರಲ್ಲಿ, ಆತಕೂರಿನ ಕಲ್ಲಿಗಿಂತ ಎಂಟೊಂಬತ್ತು ವರ್ಷ ಮೊದಲು. ತನ್ನ ಹುಟ್ಟು ತಿಳಿದ ಮೇಲೂ ದುರ್ಯೋಧನನನ್ನು ಬಿಡದ ಕರ್ಣ ಅಲ್ಲಿ ಅಷ್ಟು ಎತ್ತರಕ್ಕೆ ಏರುವುದು ಈ ಋಣದ ಮೇಲೆಯೇ. ನಾಡಿನ ವೀರಗಲ್ಲುಗಳಲ್ಲಿ ತುರುಗಳನ್ನು ಮರಳಿಸಿ ಸತ್ತವರೂ, ಊರಳಿವಿನಲ್ಲಿ ಮಡಿದವರೂ, ಒಡೆಯನಿಗಾಗಿ ಬಿದ್ದವರೂ ನಿಂತಿದ್ದಾರೆ. ಕಾಳಿ ಆ ಸಾಲಿಗೆ ಸೇರಿದ ಒಬ್ಬ ಆಳು. ಆಳಿಗೆ ಸಲ್ಲುವುದು ನಾಯಿಗೂ ಸಂದಿತು: ಹೆಸರು, ಕಲ್ಲು, ಮಣ್ಣು, ಪೂಜೆ.

ನಾಯಿಯನ್ನು ಹೀಗೆ ಕಂಡದ್ದು ಕಾಳಿಯಿಂದಲೇ ಶುರುವಾದದ್ದೂ ಅಲ್ಲ. ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯ ಎಡುತ್ತನೂರಿನಲ್ಲಿ ಪಲ್ಲವ ಮಹೇಂದ್ರವರ್ಮನ ಕಾಲದ, ಅಂದರೆ ಏಳನೆಯ ಶತಮಾನದ, ವೀರಗಲ್ಲೊಂದಿದೆ. ಅದರಲ್ಲಿ ಸತ್ತ ವೀರನ ಪಕ್ಕದಲ್ಲಿ ಅವನ ನಾಯಿಯೂ ಇದೆ, ಅದರ ಹೆಸರು ಕೋವಿವನ್ ಎಂದು ಬರೆದಿದೆ. ಅಲ್ಲಿ ನಾಯಿ ವೀರನ ಜೊತೆಗಾರ. ಆತಕೂರಿನಲ್ಲಿ ನಾಯಿಯೇ ವೀರ.

ಈಗ ಅದೇ ಕಲ್ಲಿನಲ್ಲಿರುವ ಮನುಷ್ಯರನ್ನು ನೋಡಿ. ಬೂತುಗ ಗಂಗವಾಡಿ 96,000ವನ್ನು ಆಳುತ್ತಿದ್ದುದು ಎರೆಯಪ್ಪನ ಮಗ ರಾಚಮಲ್ಲನನ್ನು ಕೊಂದು ಎಂದು ಶಾಸನ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಬೂತುಗನೂ ಎರೆಯಪ್ಪನ ಮಗನೇ. ಅಣ್ಣನನ್ನು ಕೊಂದು ಪಟ್ಟವೇರಿದವನು ಇಲ್ಲಿ ಕನ್ನರದೇವನ ಬಲಗೈ.

ರಾಜಾದಿತ್ಯನ ಸಾವಿನ ಮಾತಂತೂ ವಿದ್ವಾಂಸರನ್ನು ಬಹಳ ಕಾಲ ಕಾಡಿತು. ಶಾಸನದಲ್ಲಿ ‘ಬಿಸುಗೆ’ ಎಂಬ ಪದವಿದೆ. ಮೊದಮೊದಲ ಓದಿನಲ್ಲಿ ಅದಕ್ಕೆ ಅಪ್ಪುಗೆ ಎಂಬ ಅರ್ಥ ಹಿಡಿದು, ಬೂತುಗ ರಾಜಾದಿತ್ಯನನ್ನು ತಬ್ಬಿಕೊಂಡು ಮೋಸದಿಂದ ಇರಿದ ಎಂದು ತಿಳಿದರು. ಬಿಸುಗೆ ಎಂದರೆ ಆನೆಯ ಮೇಲಿನ ಅಂಬಾರಿ ಎಂಬುದು ಆಮೇಲೆ ಸ್ಪಷ್ಟವಾಯಿತು. ಆಗ ಬೂತುಗ ಎದುರಾಳಿಯ ಅಂಬಾರಿಯನ್ನೇ ರಣರಂಗ ಮಾಡಿಕೊಂಡು ಕಾದಿದ ವೀರನಾದ. ಚೋಳರ ಶಾಸನಗಳೂ ರಾಜಾದಿತ್ಯನನ್ನು ಆನೆಯ ಮೇಲೆ ಮಡಿದವನೆಂದೇ ಕರೆಯುತ್ತವೆ. ಒಂದು ಪದದ ಅರ್ಥ ಬದಲಾದರೆ ಒಬ್ಬ ಅರಸನ ಶೀಲವೇ ಬದಲಾಯಿತು! ಕಾಳಿಯ ವಿಷಯದಲ್ಲಿ ಇಂಥ ಚರ್ಚೆ ಎದ್ದಿಲ್ಲ.

ಹಾಗೆಂದು ನಾಯಿ ಮನುಷ್ಯನಿಗಿಂತ ಮೇಲು ಎಂದು ಬರೆದು ಮುಗಿಸಲು ನನಗೆ ಮನಸ್ಸಿಲ್ಲ. ಅದು ಸುಲಭದ ಮಾತು. ಕಲ್ಲಿನ ಮುಂದೆ ನನ್ನನ್ನು ಕಾಡಿದ್ದು ಬೇರೆಯದು. ಕೃಷ್ಣ ಬೂತುಗನಿಗೆ ನಾಡುಗಳನ್ನು ಕೊಟ್ಟ. ಬೂತುಗ ಮಣಲೆರನಿಗೆ ಆತಕೂರು 12ನ್ನೂ ಬೆಳ್ವೊಲದ ಒಂದು ಊರನ್ನೂ ಬಾಳ್ಗಳ್ಚಾಗಿ ಕೊಟ್ಟ. ಬಾಳ್ಗಳ್ಚು ಎಂದರೆ ಬಾಳನ್ನು, ಎಂದರೆ ಕತ್ತಿಯನ್ನು, ತೊಳೆದು ಕೊಡುವ ಉಡುಗೊರೆ. ಹೀಗೆ ಮೇಲಿನಿಂದ ಕೆಳಕ್ಕೆ ಕೊಡುಗೆ ಇಳಿಯುತ್ತದೆ, ಕೆಳಗಿನಿಂದ ಮೇಲಕ್ಕೆ ಪ್ರಾಣ ಏರುತ್ತದೆ. ಈ ಸರಪಳಿಯ ಕೊನೆಯ ಕೊಂಡಿ ಕಾಳಿ. ಅದು ಏನನ್ನೂ ಬೇಡಿಕೊಳ್ಳಲಿಲ್ಲ. ಅದನ್ನೇ ಒಬ್ಬ ಬೇಡಿದ, ಇನ್ನೊಬ್ಬ ಕೊಟ್ಟ. ಹಂದಿಯ ಮೇಲೆ ಅದು ತಾನಾಗಿ ಹೋದದ್ದಲ್ಲ, ಬಿಟ್ಟರು, ಹೋಯಿತು. ಸತ್ತಮೇಲೆ ಅದಕ್ಕೆ ಸಂದ ಗೌರವ ನಿಜವಾದದ್ದೇ. ಜೊತೆಗೆ, ಆಳು ಹೇಗಿರಬೇಕು ಎಂದು ಉಳಿದ ಆಳುಗಳಿಗೆ ತೋರಿಸಲೂ ಆ ಕಲ್ಲು ಒದಗುತ್ತಿತ್ತು.

ನಾಯಿಗಳ ಸ್ಮಾರಕ ಬೇರೆ ಕಡೆಯೂ ಈ ಕೆಲಸ ಮಾಡಿದೆ. ಟೋಕಿಯೊದ ಶಿಬುಯಾ ನಿಲ್ದಾಣದಲ್ಲಿ 1925ರಲ್ಲಿ ತೀರಿಕೊಂಡ ಒಡೆಯನಿಗಾಗಿ 1935ರಲ್ಲಿ ತಾನು ಸಾಯುವವರೆಗೂ ಕಾದ ಹಾಚಿಕೊನ ಕತೆ ಲೋಕಕ್ಕೆಲ್ಲ ಗೊತ್ತು. ಅದರ ಕಂಚಿನ ಪ್ರತಿಮೆ ನಿಂತದ್ದು 1934ರಲ್ಲಿ, ನಾಯಿ ಇನ್ನೂ ಬದುಕಿರುವಾಗಲೇ. ಆ ಕಾಲದ ಜಪಾನಿನ ಶಾಲಾಪಠ್ಯದಲ್ಲಿ ಈ ಕತೆ ಋಣ ಮರೆಯಬಾರದೆಂಬ ನೀತಿಪಾಠವಾಯಿತು. ಯುದ್ಧಕಾಲದಲ್ಲಿ ಲೋಹ ಬೇಕಾದಾಗ ಪ್ರತಿಮೆಯನ್ನೇ ಕರಗಿಸಿದರು. ಈಗ ಕಾಣುವುದು 1948ರಲ್ಲಿ ಮತ್ತೆ ನಿಲ್ಲಿಸಿದ್ದು. ನಾಯಿಗೆ ಪಾಠ ಬೇಕಿರಲಿಲ್ಲ, ಪ್ರತಿಮೆಯೂ ಬೇಕಿರಲಿಲ್ಲ. ಎರಡೂ ಬೇಕಾದದ್ದು ಮನುಷ್ಯರಿಗೆ.

ಆದರೂ ಆತಕೂರಿನ ಶಾಸನದಲ್ಲಿ ಈ ಲೆಕ್ಕಾಚಾರವನ್ನು ಮೀರಿದ ಎರಡು ಸಂಗತಿಗಳಿವೆ ಎನಿಸುತ್ತದೆ. ಒಂದು, ಮಣಲೆರನ ಬೇಡಿಕೆ. ದೊರೆ ಬಾಯಿಬಿಟ್ಟು ಕೇಳು ಎಂದಾಗ ಭೂಮಿ, ಬಿರುದು ಏನನ್ನಾದರೂ ಕೇಳಬಹುದಾಗಿದ್ದವನು ನಾಯಿಯನ್ನು ಕೇಳಿದ. ಅದು ಬೇಟೆಯ ಹುಚ್ಚೂ ಆಗಿರಬಹುದು, ಆ ನಾಯಿಯ ಮೇಲಿನ ಅಕ್ಕರೆಯೂ ಆಗಿರಬಹುದು. ಎರಡಾಗಿದ್ದರೂ ನನಗೆ ಆಶ್ಚರ್ಯವಿಲ್ಲ. ಇನ್ನೊಂದು, ಗೊರವನ ಮೇಲಿನ ಕಟ್ಟಳೆ. ಗೊರವ ಎಂದರೆ ಅಂದಿನ ಮಾತಿನಲ್ಲಿ ದೇಗುಲ ನೋಡಿಕೊಳ್ಳುವ ಶೈವ ಸನ್ಯಾಸಿ. ಆ ಮಣ್ಣನ್ನು ಅನುಭವಿಸುವ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ ತಟ್ಟುತ್ತದೆ ಎಂದಿದೆ ಶಾಸನ. ಜೋಳವಾಳಿ ಇಲ್ಲಿ ತಿರುಗಿ ನಿಂತಿತು. ಒಡೆಯನ ಅನ್ನಕ್ಕಾಗಿ ಪ್ರಾಣ ಕೊಟ್ಟ ನಾಯಿಯ ಹೆಸರಿನ ಮಣ್ಣಿನಲ್ಲಿ ಈಗ ಮನುಷ್ಯನ ಅನ್ನ ಬೆಳೆಯುತ್ತಿದೆ. ಋಣ ಈಗ ಉಣ್ಣುವವನದ್ದು. ದಿನಕ್ಕೊಮ್ಮೆಯಾದರೂ ಅವನು ನಾಯಿಗೆ ಕೈಮುಗಿಯಬೇಕು.

ಕಲ್ಲು ಆತಕೂರನ್ನು ಬಿಟ್ಟು ಬಂದು ಬಹಳ ಕಾಲವಾಯಿತು. ಇಲ್ಲಿ ಅದಕ್ಕೆ ಮಳೆ ಬಿಸಿಲಿನ ಭಯವಿಲ್ಲ. ಪೂಜೆಯೂ ಇಲ್ಲ. ಸಂಗ್ರಹಾಲಯದಲ್ಲಿ ಅದು ವಸ್ತು, ನಮ್ಮಂಥವರಿಗೆ ಆಕರ. ಆಕರವೆಂದು ಓದುವುದರಲ್ಲಿ ತಪ್ಪಿಲ್ಲ. ಹಾಗೆ ಓದಿದ್ದರಿಂದಲೇ ತಕ್ಕೋಲದ ಚರಿತ್ರೆ ನಮಗೆ ಸಿಕ್ಕಿತು. ಆದರೆ ಆ ಮಣ್ಣಿನ ಗೊರವನಂತೆ ನಾನೂ ಈ ಕಲ್ಲಿನಿಂದ ಉಣ್ಣುತ್ತಿರುವವನೇ. ನನ್ನ ಪ್ರಬಂಧದ ಒಂದು ಅಧ್ಯಾಯದ ಕಾಲುಭಾಗ ನಿಂತಿರುವುದು ಇದರ ಸಾಲುಗಳ ಮೇಲೆ.

ಅಂದು ಹಾಸ್ಟೆಲ್ಲಿನಿಂದ ಬೆಳಿಗ್ಗೆ ಬೇಗ ಹೊರಟಿದ್ದೆ, ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಊಟಕ್ಕೆ ಹೋಗುವ ಮೊದಲು ಟಿಪ್ಪಣಿ ಪುಸ್ತಕ ತೆಗೆದು, ಆತಕೂರು ಶಾಸನ ಎಂದಿದ್ದ ಪುಟದಲ್ಲಿ, ಕೃಷ್ಣ, ಬೂತುಗ, ರಾಜಾದಿತ್ಯರ ಹೆಸರುಗಳ ಮೇಲೆ ಉಳಿದಿದ್ದ ಜಾಗದಲ್ಲಿ ಬರೆದೆ: ಕಾಳಿ.