ಮನೆಯಲ್ಲಿ ಸೀಸ ಕರಗಿಸುವುದು: ಸುರಕ್ಷಿತ ಸಲಕರಣೆಗಳ ಆಯ್ಕೆ

ಸೀಸವು 327 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗುವ ಲೋಹ. ಕಬ್ಬಿಣ ಅಥವಾ ತಾಮ್ರದಂತೆ ಇದಕ್ಕೆ ಕುಲುಮೆ ಬೇಕಿಲ್ಲ, ಸಾಧಾರಣ ಗ್ಯಾಸ್ ಒಲೆಯೇ ಸಾಕು. ಹೀಗಾಗಿ ಬೀಸುಬಲೆಯ ಅಂಚಿಗೆ ಕಟ್ಟುವ ಗುಂಡು, ಗಾಳದ ತೂಕ ಮೊದಲಾದವನ್ನು ಮನೆಯಲ್ಲೇ ಎರಕ ಹೊಯ್ದುಕೊಳ್ಳುವವರಿದ್ದಾರೆ. ಸುಲಭವಾಗಿ ಕರಗುತ್ತದೆ ಎಂಬ ಕಾರಣಕ್ಕೇ ಈ ಕೆಲಸದ ಅಪಾಯವನ್ನು ಹಗುರವಾಗಿ ಕಾಣುವುದುಂಟು.

ಅಪಾಯ ಎರಡು ಬಗೆಯದು. ಒಂದು, ಕಣ್ಣಿಗೆ ಕಾಣುವ ಸುಟ್ಟಗಾಯ. ಇನ್ನೊಂದು, ಕಾಣದ ಧೂಳು. ಕರಗಿದ ಸೀಸದ ಮೇಲೆ ಕಟ್ಟುವ ಬೂದುಬಣ್ಣದ ಕಿಟ್ಟವು ಪುಡಿಯಾಗಿ ನೆಲ, ಬಟ್ಟೆ, ಕೈಗಳಿಗೆ ಅಂಟುತ್ತದೆ. ನುಂಗಿದ ಸೀಸವನ್ನು ಪುಟ್ಟ ಮಕ್ಕಳ ದೇಹ ವಯಸ್ಕರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಮಿದುಳಿಗೆ ಆಗುವ ಹಾನಿಯನ್ನು ಪೂರ್ತಿ ಸರಿಪಡಿಸಲಾಗದು. ಸೀಸದ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದುದರಿಂದ ಸಿದ್ಧ ಗುಂಡುಗಳನ್ನು ಕೊಳ್ಳುವುದು ಅಥವಾ ಉಕ್ಕಿನ ತೂಕ ಬಳಸುವುದು ಮೊದಲ ಆಯ್ಕೆಯಾಗಬೇಕು. ಕರಗಿಸಲೇಬೇಕೆಂದಾದರೆ ಕೆಳಗಿನ ಅಂಶಗಳನ್ನು ಗಮನಿಸುವುದು ಅಗತ್ಯ.

ಸ್ಥಳ

ಅಡುಗೆಮನೆ, ಮುಚ್ಚಿದ ಗ್ಯಾರೇಜು, ಮಹಡಿಮನೆಯ ಬಾಲ್ಕನಿ ಇವು ಯಾವುವೂ ತಕ್ಕ ಸ್ಥಳಗಳಲ್ಲ. ಮಳೆಯ ಹನಿ ಬೀಳದ, ಗಾಳಿಯಾಡುವ ಬಯಲು ಜಾಗವೇ ಬೇಕು. ಬಾವಿ, ಕೈತೋಟ, ಮಕ್ಕಳು ಆಡುವ ಅಂಗಳದಿಂದ ಅದು ದೂರವಿರಬೇಕು. ಮಕ್ಕಳು ಮತ್ತು ಗರ್ಭಿಣಿಯರು ಹತ್ತಿರ ಸುಳಿಯಬಾರದು.

ಪಾತ್ರೆ

ದಪ್ಪ ತಳದ, ಬಿರುಕಿಲ್ಲದ ಬೀಡು ಕಬ್ಬಿಣದ ಅಥವಾ ಉಕ್ಕಿನ ಪಾತ್ರೆ ಉತ್ತಮ. ಅಲ್ಯೂಮಿನಿಯಂ ಪಾತ್ರೆ ಸಲ್ಲದು. ಅದು ಕರಗುವುದು 660 ಡಿಗ್ರಿಯಲ್ಲಾದರೂ ಅದಕ್ಕೆ ಬಹಳ ಮೊದಲೇ ಬಲ ಕಳೆದುಕೊಂಡು ತುಂಬಿದ ಭಾರಕ್ಕೆ ಕುಸಿಯಬಹುದು. ಬೆಸುಗೆ ಹಾಕಿದ ತಗಡಿನ ಡಬ್ಬವೂ ಬೇಡ. ತವರ ಮತ್ತು ಸೀಸದ ಸಾಮಾನ್ಯ ಬೆಸುಗೆ 183 ಡಿಗ್ರಿಯ ಸುಮಾರಿಗೇ ಕರಗತೊಡಗುತ್ತದೆ. ಸತುವಿನ ಲೇಪವಿರುವ ಬಕೆಟ್ಟು, ತಗಡುಗಳನ್ನೂ ದೂರವಿಡಬೇಕು.

ತೂಕದ ಲೆಕ್ಕವೂ ಮುಖ್ಯ. ಒಂದು ಲೀಟರ್ ಸೀಸ 11 ಕಿಲೋಗ್ರಾಂಗೂ ಹೆಚ್ಚು ತೂಗುತ್ತದೆ. ಅಷ್ಟು ಭಾರವನ್ನು ಅಲುಗದೆ ಹೊರುವ, ಅಗಲ ಕಾಲುಗಳ ಒಲೆ ಬೇಕು. ಪಾತ್ರೆ ಚಿಕ್ಕದಿದ್ದಷ್ಟೂ ಒಳ್ಳೆಯದು. ಒಮ್ಮೆ ಸೀಸ ಕಂಡ ಬಾಣಲೆ, ಸೌಟುಗಳು ಮತ್ತೆಂದೂ ಅಡುಗೆಗೆ ಮರಳಬಾರದು.

ಒಲೆ ಮತ್ತು ಉಷ್ಣಮಾಪಕ

ಉಷ್ಣತೆಯನ್ನು ತಾನೇ ನಿಯಂತ್ರಿಸುವ ಥರ್ಮೋಸ್ಟಾಟ್ ಉಳ್ಳ ವಿದ್ಯುತ್ ಕರಗುಪಾತ್ರೆ ಹೆಚ್ಚು ಸುರಕ್ಷಿತ. ಗುಂಡುಗಳ ಎರಕಕ್ಕೆ ಸಾಮಾನ್ಯವಾಗಿ 350ರಿಂದ 400 ಡಿಗ್ರಿ ಸಾಕು. 500 ಡಿಗ್ರಿಯತ್ತ ಏರಿದಂತೆ ಸೀಸದ ವಿಷಹೊಗೆ ಹೆಚ್ಚುತ್ತದೆ. ಸೌದೆ ಅಥವಾ ಗ್ಯಾಸ್ ಬೆಂಕಿಯಲ್ಲಿ ಈ ಹಿಡಿತ ಇರುವುದಿಲ್ಲ. ಅದನ್ನೇ ಬಳಸುವುದಾದರೆ 500 ಡಿಗ್ರಿಯವರೆಗೆ ಅಳೆಯಬಲ್ಲ, ಲೋಹದಲ್ಲಿ ಅದ್ದುವ ಉಷ್ಣಮಾಪಕ ಜೊತೆಗಿರಬೇಕು.

ತೇವದ ಭಯ

ಅತಿ ಭೀಕರ ಅವಘಡ ಘಟಿಸುವುದು ನೀರಿನಿಂದ. ಕರಗಿದ ಸೀಸದೊಳಗೆ ಸಿಲುಕಿದ ಹನಿ ನೀರು ಕ್ಷಣಮಾತ್ರದಲ್ಲಿ ಸುಮಾರು 1,700 ಪಟ್ಟು ಹಿಗ್ಗಿ ಆವಿಯಾಗುತ್ತದೆ. ಕಾದ ಲೋಹ ಸುತ್ತಲೂ ಸಿಡಿಯುತ್ತದೆ. ಆದ್ದರಿಂದ ಸೌಟು, ಅಚ್ಚು, ಸೀಸದ ತುಂಡು ಎಲ್ಲವೂ ಒಣಗಿರಬೇಕು. ಹೊಸ ತುಂಡುಗಳನ್ನು ಪಾತ್ರೆಯ ಅಂಚಿನಲ್ಲಿ ಬಿಸಿ ಮಾಡಿಕೊಂಡು, ಇಕ್ಕಳದಿಂದ ಮೆಲ್ಲನೆ ಇಳಿಸಬೇಕು. ಲೋಹದ ಅಚ್ಚನ್ನು ಮೊದಲೇ ಕಾಯಿಸಿಕೊಳ್ಳಬೇಕು. ಒಲೆಯ ಕೆಳಗೆ ಒಣ ಮರಳಿನ ತಟ್ಟೆ ಇರಲಿ. ಬೆಂಕಿ ಹತ್ತಿದರೆ ನೀರು ಸುರಿಯದೆ ಒಣ ಮರಳನ್ನೇ ಹಾಕಬೇಕು.

ಮೈಗೆ ರಕ್ಷಣೆ

ಇಡೀ ಮುಖ ಮುಚ್ಚುವ ಪಾರದರ್ಶಕ ಕವಚ, ಮೊಣಕೈವರೆಗಿನ ಚರ್ಮದ ಕೈಗವಸು, ಚರ್ಮದ ಷೂ, ಉದ್ದ ತೋಳಿನ ಹತ್ತಿಯ ಉಡುಪು ಕನಿಷ್ಠ ಅಗತ್ಯ. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಕಾದ ಲೋಹ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಕರವಸ್ತ್ರ ಅಥವಾ ಬಟ್ಟೆಯ ಮುಖಗವಸು ಸೀಸದ ಹೊಗೆಯನ್ನು ತಡೆಯದು. ಮುಖಕ್ಕೆ ಬಿಗಿಯಾಗಿ ಕೂರುವ, ಪಿ-100 ದರ್ಜೆಯ ಶೋಧಕವಿರುವ ರೆಸ್ಪಿರೇಟರ್ ಬೇಕು.

ಹಳೆಯ ಬ್ಯಾಟರಿ ಸಲ್ಲದು

ವಾಹನ ಅಥವಾ ಇನ್ವರ್ಟರ್ ಬ್ಯಾಟರಿಯನ್ನು ಒಡೆದು ಸೀಸ ತೆಗೆಯಲು ಯಾವ ಸಲಕರಣೆಯೂ ಸುರಕ್ಷಿತವಲ್ಲ. ಅದರಲ್ಲಿ ಗಂಧಕಾಮ್ಲ ಇರುತ್ತದೆ. ಫಲಕಗಳಲ್ಲಿ ಆಂಟಿಮನಿ, ಆರ್ಸೆನಿಕ್ ಬೆರೆತಿರಬಹುದು. ಸೆನೆಗಲ್ ದೇಶದ ಡಕಾರ್ ನಗರದ ಹೊರವಲಯದಲ್ಲಿರುವ ತಿಯಾರೊಯೆ-ಸುರ್-ಮೆರ್‌ನಲ್ಲಿ 2007-08ರಲ್ಲಿ 18 ಮಕ್ಕಳು ಮೃತಪಟ್ಟರು. ಹಳೆಯ ಬ್ಯಾಟರಿಗಳ ಸೀಸವನ್ನು ಜನವಸತಿಯ ನಡುವೆಯೇ ಬೇರ್ಪಡಿಸುತ್ತಿದ್ದುದು ಇದಕ್ಕೆ ಕಾರಣವೆಂದು ತನಿಖೆಯಿಂದ ಕಂಡುಬಂತು. ಭಾರತದಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮ, 2022ರಂತೆ ಬಳಕೆದಾರರು ಹಳೆಯ ಬ್ಯಾಟರಿಯನ್ನು ಬೇರೆ ಕಸದೊಡನೆ ಸೇರಿಸದೆ, ಅದರ ಸಂಗ್ರಹಣೆ ಅಥವಾ ಮರುಬಳಕೆಯಲ್ಲಿ ತೊಡಗಿದವರಿಗೆ ಒಪ್ಪಿಸಬೇಕು.

ಕೆಲಸ ಮುಗಿದ ಮೇಲೆ

ಕಿಟ್ಟವನ್ನು ಮಣ್ಣಿಗೆ ಎಸೆಯಬಾರದು. ಮುಚ್ಚಳವಿರುವ ಲೋಹದ ಡಬ್ಬದಲ್ಲಿ ಹೆಸರು ಬರೆದಿಟ್ಟು ಅಧಿಕೃತ ಮರುಬಳಕೆದಾರರಿಗೆ ನೀಡಬೇಕು. ಎಲ್ಲವೂ ತಣಿದ ಬಳಿಕ ಜಾಗವನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ತಿನ್ನುವ, ಕುಡಿಯುವ, ಬೀಡಿ-ಸಿಗರೇಟು ಮುಟ್ಟುವ ಮೊದಲು ಕೈ-ಮುಖ ಸಾಬೂನಿನಿಂದ ತೊಳೆಯಬೇಕು. ಉಡುಪನ್ನು ಮನೆಮಂದಿಯ ಬಟ್ಟೆಗಳೊಡನೆ ಒಗೆಯಬಾರದು.

ಪದೇ ಪದೇ ಈ ಕೆಲಸ ಮಾಡುವವರೂ ಅವರ ಮನೆಯ ಮಕ್ಕಳೂ ರಕ್ತದಲ್ಲಿನ ಸೀಸದ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸ ಕಂಡರೆ ಮೂಲವನ್ನು ಪತ್ತೆಹಚ್ಚಿ ನಿವಾರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಹೇಳುತ್ತದೆ. ಲಕ್ಷಣಗಳಿಗಾಗಿ ಕಾಯುವುದು ಸರಿಯಲ್ಲ. ಹೊಟ್ಟೆನೋವು, ರಕ್ತಹೀನತೆ, ಕಲಿಕೆಯಲ್ಲಿ ಹಿಂದುಳಿಯುವಿಕೆ ಕಾಣಿಸಿಕೊಳ್ಳುವ ಹೊತ್ತಿಗೆ ಸೀಸವು ಮೂಳೆಗಳಲ್ಲಿ ನೆಲೆಯೂರಿರುತ್ತದೆ.